ಓರೆಯಾಗಿ ನಿಂತ ನಾಲ್ಕು ಮನೆ, ಗೋಡೆಗೆ ಒರಗಿದ ಒಂದು ಮರ

ಲೇಔಟ್ ಬಂದ ಊರುಗಳಲ್ಲಿ ಒಂದು ಸಂಗತಿ ನೀವೂ ನೋಡಿರುತ್ತೀರಿ. ಎಲ್ಲ ಮನೆಗಳೂ ಹೊಸ ರಸ್ತೆಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತವೆ. ನಡುವೆ ಒಂದೋ ಎರಡೋ ಹಳೇ ಮನೆ ಮಾತ್ರ ಓರೆಯಾಗಿ, ಯಾವ ರಸ್ತೆಗೂ ಸಂಬಂಧವೇ ಇಲ್ಲದ ಹಾಗೆ ಕೂತಿರುತ್ತದೆ. ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ, ಅಲ್ಲಿ ಮೊದಲು ಬಂಡಿದಾರಿ ಇತ್ತು ಅಂತ. ದಾರಿ ಹೋಯಿತು, ಮನೆ ಅದೇ ಕಡೆ ನೋಡುತ್ತ ಉಳಿಯಿತು.

1968ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇಬ್ಬರು ಇಂಥದ್ದೇ ಓರೆ ಮನೆಗಳನ್ನು ಹುಡುಕಿಕೊಂಡು ಸಣ್ಣ ವಿಮಾನ ಹತ್ತಿದರು. ಒಬ್ಬರು ಜೇಮ್ಸ್ ಹರ್ಲಿ ಎಂಬ ಇತಿಹಾಸಕಾರ. ಇನ್ನೊಬ್ಬರು ವಿಮಾನ ಹಾರಿಸಲು ಬರುತ್ತಿದ್ದ ಜೋಸೆಫ್ ಹೇನ್ಸ್. ನಗರದ ಬ್ರೂಕ್ಲಿನ್ ಭಾಗದಲ್ಲಿ ನೂರು ವರ್ಷದ ಹಿಂದೆ ವೀಕ್ಸ್‌ವಿಲ್ ಎಂಬ ಕಪ್ಪು ಜನರ ಊರು ಇತ್ತು ಎಂದು ಹರ್ಲಿ ಹಳೇ ಪುಸ್ತಕಗಳಲ್ಲಿ ಓದಿದ್ದರು. ನೆಲದ ಮೇಲೆ ಎಷ್ಟು ತಿರುಗಿದರೂ ಅದರ ಗುರುತು ಸಿಕ್ಕಿರಲಿಲ್ಲ. ಮೇಲಿಂದ ನೋಡಿದಾಗ ಕಂಡಿತು. ಚದುರಂಗದ ಮನೆಯಂತೆ ಗೆರೆ ಎಳೆದ ಬೀದಿಗಳ ನಡುವೆ ಮರದ ಹಲಗೆಯ ನಾಲ್ಕು ಪುಟ್ಟ ಮನೆಗಳು ಬರ್ಗೆನ್ ಬೀದಿಗೆ ಓರೆಯಾಗಿ ನಿಂತಿದ್ದವು. ಅವು ನೋಡುತ್ತಿದ್ದದ್ದು ಹಂಟರ್‌ಫ್ಲೈ ರಸ್ತೆಯನ್ನು. ಅದು ಬಿಳಿಯರು ಬರುವುದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳು ನಡೆದು ನಡೆದು ಬಿದ್ದ ದಾರಿ. ರಸ್ತೆ ನಕಾಶೆಯಿಂದಲೇ ಅಳಿಸಿ ಎಷ್ಟೋ ವರ್ಷವಾಗಿತ್ತು.

ನಾನು ಬ್ರೂಕ್ಲಿನ್ ನೋಡಿಲ್ಲ, ನೋಡುವ ಯೋಗವೂ ಸದ್ಯಕ್ಕೆ ಕಾಣುತ್ತಿಲ್ಲ. ಆದರೂ ಈ ಊರಿನ ಕತೆ ಬರೆಯಬೇಕು ಅನ್ನಿಸಿದ್ದು ಯಾಕೆಂದರೆ, ನಮ್ಮ ಹಳ್ಳಿಗಳಲ್ಲಿ ದಿನಾ ಕಿವಿಗೆ ಬೀಳುವ ಒಂದು ಮಾತು ಈ ಕತೆಯ ಉದ್ದಕ್ಕೂ ಇದೆ. ಪಹಣಿ ಯಾರ ಹೆಸರಲ್ಲಿದೆ?

ಮೊದಲು ಊರು ಹುಟ್ಟಿದ್ದು ಹೇಗೆ ಅಂತ ನೋಡೋಣ. ನ್ಯೂಯಾರ್ಕ್ ಅಂದರೆ ಗುಲಾಮಗಿರಿ ಇರದ ಜಾಗ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. 1790ರ ಜನಗಣತಿಯಲ್ಲಿ ಬ್ರೂಕ್ಲಿನ್ ಇದ್ದ ಕೌಂಟಿಯ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪು ಜನ, ಅವರಲ್ಲಿ ಹೆಚ್ಚಿನವರು ಗುಲಾಮರು. ಬಿಳಿಯ ರೈತರ ಹೊಲಗಳಲ್ಲಿ ದುಡಿಯುತ್ತಿದ್ದವರು ಅವರೇ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು 1827ರ ಜುಲೈ 4ರಂದು. ಆ ದಿನ ದೇಶದ ಸ್ವಾತಂತ್ರ್ಯ ದಿನವೂ ಹೌದು. ಬಿಳಿಯರ ಹಬ್ಬದ ದಿನ ಬೀದಿಗಿಳಿದರೆ ಏಟು ಬೀಳುವ ಭಯ ಇದ್ದುದರಿಂದ ಅಲ್ಲಿನ ಕಪ್ಪು ಜನ ಮಾರನೇ ದಿನ, ಜುಲೈ 5ಕ್ಕೆ, ತಮ್ಮ ಬಿಡುಗಡೆಯ ಮೆರವಣಿಗೆ ಮಾಡಿದರು.

ಬಿಡುಗಡೆ ಸಿಕ್ಕಿತು, ಮತ ಸಿಗಲಿಲ್ಲ. 1821ರ ರಾಜ್ಯ ಸಂವಿಧಾನದಲ್ಲಿ ಒಂದು ಷರತ್ತು ಇತ್ತು. ಕಪ್ಪು ಗಂಡಸು ಮತ ಹಾಕಬೇಕೆಂದರೆ ಅವನ ಹೆಸರಲ್ಲಿ 250 ಡಾಲರ್ ಬೆಲೆಯ ಭೂಮಿ ಇರಬೇಕು. ಬಿಳಿಯ ಗಂಡಸರಿಗೆ ಮೊದಲಿದ್ದ ಆಸ್ತಿಯ ಷರತ್ತನ್ನು ಅದೇ ಸಂವಿಧಾನ ತೆಗೆದುಹಾಕಿತ್ತು! ಹೆಂಗಸರ ಮಾತಂತೂ ಬಿಡಿ, ಯಾವ ಬಣ್ಣದವರಿಗೂ ಮತ ಇರಲಿಲ್ಲ. ಹೀಗಾಗಿ ಆಗಿನ ಕಪ್ಪು ಮುಖಂಡರಿಗೆ ಜಮೀನು ಕೊಳ್ಳುವುದು ಅಂದರೆ ಬರೀ ಮನೆ ಕಟ್ಟಿಕೊಳ್ಳುವುದಾಗಿರಲಿಲ್ಲ. ಒಂದು ಸೈಟು ಅಂದರೆ ಒಂದು ಮತ.

1837ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ದೊಡ್ಡ ಹಣದ ಮುಗ್ಗಟ್ಟು ಬಂತು. ಜಮೀನಿನ ಬೆಲೆ ಬಿತ್ತು. ಹೆನ್ರಿ ಥಾಮ್ಸನ್ ಎಂಬ ಕಪ್ಪು ಮುಖಂಡ ಅಷ್ಟು ಹೊತ್ತಿಗೆ ಬ್ರೂಕ್ಲಿನ್ನಿನ ಅಂಚಿನಲ್ಲಿ ಸೈಟುಗಳನ್ನು ಹಿಡಿದಿದ್ದ. 1838ರಲ್ಲಿ ಅವನಿಂದ ಜಾಗ ಕೊಂಡವನು ಜೇಮ್ಸ್ ವೀಕ್ಸ್, ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹಮಾಲ. ಊರಿಗೆ ಉಳಿದದ್ದು ಅವನದೇ ಹೆಸರು. ಯಾವ ರಾಜನ ಹೆಸರೂ ಅಲ್ಲ, ಸಾಹುಕಾರನ ಹೆಸರೂ ಅಲ್ಲ, ಹಮಾಲನ ಹೆಸರು ಹೊತ್ತ ಊರು. ನನಗೆ ಈ ಕತೆಯಲ್ಲಿ ಬಹಳ ಹಿಡಿಸಿದ ಸಂಗತಿಗಳಲ್ಲಿ ಇದೂ ಒಂದು.

1850ರ ದಶಕದ ನಡುವಿಗೆ ಅಲ್ಲಿ 500ಕ್ಕೂ ಹೆಚ್ಚು ಜನ ಇದ್ದರು. ಸ್ವಂತ ಚರ್ಚುಗಳು, ಶಾಲೆ, ಸ್ಮಶಾನ, ಆಮೇಲೆ ವೃದ್ಧಾಶ್ರಮ, ಅನಾಥಾಲಯ, ಎಲ್ಲ ಬಂದವು. 1866ರಲ್ಲಿ ಅಲ್ಲಿಂದ ‘ಫ್ರೀಡ್‌ಮನ್ಸ್ ಟಾರ್ಚ್‌ಲೈಟ್’ ಎಂಬ ಪತ್ರಿಕೆ ಹೊರಟಿತು. ಆಗಷ್ಟೇ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಜನರಿಗೆ ಅಕ್ಷರ ಕಲಿಸುವುದು ಅದರ ಕೆಲಸ. ಸುದ್ದಿಯ ಜೊತೆಗೆ ಓದು ಕಲಿಯುವ ಪಾಠವನ್ನೂ ಅಚ್ಚು ಹಾಕುತ್ತಿದ್ದರು. ನಾವು ಪತ್ರಿಕೋದ್ಯಮ ಕಲಿಯುವಾಗ ಓದುಗ ಯಾರು ಅಂತ ಮೊದಲು ತಿಳಿದುಕೋ ಎನ್ನುತ್ತಿದ್ದರು. ಇವರು ಓದುಗನನ್ನು ತಾವೇ ಹುಟ್ಟಿಸಿಕೊಳ್ಳಲು ಹೊರಟವರು.

ಇಲ್ಲಿ ಸಿಲ್ವೇನಸ್ ಸ್ಮಿತ್ ಅಂತ ಒಬ್ಬ ಹಂದಿ ಸಾಕುತ್ತಿದ್ದ, ಜಮೀನನ್ನೂ ಕೊಂಡಿದ್ದ. ಅವನ ಒಬ್ಬ ಮಗಳು ಸುಸಾನ್ 1870ರಲ್ಲಿ ವೈದ್ಯಕೀಯ ಪದವಿ ಪಡೆದು ನ್ಯೂಯಾರ್ಕ್ ರಾಜ್ಯದ ಮೊದಲ ಕಪ್ಪು ವೈದ್ಯೆಯಾದಳು. ಇನ್ನೊಬ್ಬಳು ಸಾರಾ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗೆ ಮುಖ್ಯ ಶಿಕ್ಷಕಿಯಾದ ಮೊದಲ ಕಪ್ಪು ಮಹಿಳೆ. ಹಂದಿ ಸಾಕಿದವನ ಮಕ್ಕಳು. ಒಂದು ತಲೆಮಾರಿನಲ್ಲಿ ಸ್ವಂತ ನೆಲ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ನೆಲದ ಇನ್ನೊಂದು ಉಪಯೋಗ 1863ರ ಜುಲೈನಲ್ಲಿ ಗೊತ್ತಾಯಿತು. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಳ್ಳುವುದನ್ನು ವಿರೋಧಿಸಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ದಂಗೆ ಎದ್ದಿತು, ಸಿಟ್ಟು ತಿರುಗಿದ್ದು ಕಪ್ಪು ಜನರ ಮೇಲೆ. ನಾಲ್ಕು ದಿನ ಊರು ಹೊತ್ತಿ ಉರಿಯಿತು. ಕಪ್ಪು ಮಕ್ಕಳ ಅನಾಥಾಲಯಕ್ಕೇ ಬೆಂಕಿ ಇಟ್ಟರು. ಮಕ್ಕಳನ್ನು ಹಿಂಬಾಗಿಲಿನಿಂದ ಪಾರು ಮಾಡಿದರು. ಜೀವ ಉಳಿಸಿಕೊಳ್ಳಲು ನದಿ ದಾಟಿ ಬಂದವರಲ್ಲಿ ಬಹಳ ಜನಕ್ಕೆ ಆಸರೆ ಸಿಕ್ಕಿದ್ದು ವೀಕ್ಸ್‌ವಿಲ್‌ನಲ್ಲಿ. ಊರಿನ ಗಂಡಸರು ಬಂದೂಕು ಹಿಡಿದು ಹಗಲು ರಾತ್ರಿ ಕಾವಲು ನಿಂತರು. ಸ್ವಂತ ಊರು ಇದ್ದುದರಿಂದ ನಿಲ್ಲಲು ಒಂದು ಗಡಿ ಇತ್ತು.

ಇಂಥ ಊರು ಮರೆತುಹೋಗಿದ್ದು ಯಾವ ಯುದ್ಧದಿಂದಲೂ ಅಲ್ಲ. 1883ರಲ್ಲಿ ಬ್ರೂಕ್ಲಿನ್ ಸೇತುವೆ ಆಯಿತು, ನಗರ ಹಬ್ಬಿತು, ಸರ್ವೆಯವರು ನೇರ ಗೆರೆ ಎಳೆದರು, ಹೊಸ ಜನ ಬಂದರು. ಹಳೇ ಮನೆಗಳು ಒಂದೊಂದೇ ಬಿದ್ದವು. ಹಳ್ಳಿ ನಗರಸಭೆಗೆ ಸೇರಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. 1930ರ ದಶಕದ ಹೊತ್ತಿಗೆ ಆ ಹೆಸರು ಕೆಲವು ಮುದುಕರ ಬಾಯಲ್ಲಿ ಮಾತ್ರ ಇತ್ತು.

ಮತ್ತೆ 1968ಕ್ಕೆ ಬರೋಣ. ವಿಮಾನದಿಂದ ಆ ನಾಲ್ಕು ಮನೆ ಕಂಡ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಸರ್ಕಾರಿ ವಸತಿ ಕಟ್ಟಡಕ್ಕಾಗಿ ಹಳೇ ಮನೆಗಳನ್ನು ಕೆಡವುತ್ತಿದ್ದರು. ಬುಲ್‌ಡೋಜರ್ ಬರುವ ಮುಂಚೆ ಸಿಕ್ಕಷ್ಟು ಸಿಗಲಿ ಎಂದು ಅಕ್ಕಪಕ್ಕದ ಜನ, ಕಾಲೇಜು ಹುಡುಗರು, ಸ್ಕೌಟ್ ಮಕ್ಕಳು, ಹತ್ತಿರದ 243ನೇ ನಂಬರ್ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳು ಮಣ್ಣು ಅಗೆಯಲು ನಿಂತರು. ಪಿಂಗಾಣಿ ಚೂರು, ಬಾಟಲಿ, ಇನ್ನೂ ಏನೇನೋ ಸಿಕ್ಕಿತು. ತಗಡಿನ ಮೇಲೆ ಮೂಡಿಸಿದ ಒಂದು ಹಳೇ ಫೋಟೋನೂ ಸಿಕ್ಕಿತು. ಅಚ್ಚುಕಟ್ಟಾಗಿ ಉಡುಪು ತೊಟ್ಟು, ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಿರುವ ಒಬ್ಬ ಕಪ್ಪು ಹೆಂಗಸು. ಹೆಸರು ಗೊತ್ತಿಲ್ಲದ್ದರಿಂದ ಆಕೆಯನ್ನು ಎಲ್ಲರೂ ‘ವೀಕ್ಸ್‌ವಿಲ್ ಲೇಡಿ’ ಎಂದೇ ಕರೆಯುತ್ತಾರೆ.

ಆ ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಮನೆ ಉಳಿಸುವ ನಿಧಿಗೆ ಕೊಟ್ಟರು. 1970ರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಆಯೋಗದ ಮುಂದೆ ಹೋಗಿ ಮಾತಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ನಾಲ್ಕೂ ಮನೆಗಳಿಗೆ ಸಂರಕ್ಷಿತ ಪಟ್ಟ ಸಿಕ್ಕಿತು. ಇಷ್ಟಕ್ಕೇ ನಿಂತಿದ್ದರೆ ಗೋಡೆಗೆ ಒಂದು ಫಲಕ ಹೊಡೆದು ಮುಗಿಯುತ್ತಿತ್ತು. ಆದರೆ ಸುತ್ತಲಿನವರೇ ಕಟ್ಟಿಕೊಂಡ ಸಂಘ 1973ರಲ್ಲಿ ಮನೆಗಳನ್ನು ಕೊಂಡುಕೊಂಡಿತು. ಮತ್ತೆ ಅದೇ ಮಾತು, ಕ್ರಯಪತ್ರ ತಮ್ಮ ಹೆಸರಿಗೆ. ಸಂಘವನ್ನು 1999ರವರೆಗೆ ನಡೆಸಿದ್ದು ಜೋನ್ ಮೇನಾರ್ಡ್ ಎಂಬ ಚಿತ್ರಕಲಾವಿದೆ. ಮನೆಗಳ ದುರಸ್ತಿ ಮುಗಿದು ಜನರಿಗೆ ತೆರೆದದ್ದು 2005ರಲ್ಲಿ, ಅಂದರೆ 35 ವರ್ಷ ಹಿಡಿಯಿತು. ಮರುವರ್ಷ ಜನವರಿಯಲ್ಲಿ ಮೇನಾರ್ಡ್ ತೀರಿಕೊಂಡರು.

ಇದೇ ವರ್ಷಗಳಲ್ಲಿ, ಬ್ರೂಕ್ಲಿನ್ನಿನ ಇದೇ ಭಾಗದಲ್ಲಿ, ಇನ್ನೊಂದು ಕೆಲಸ ನಡೆದಿತ್ತು. ಅದು ಮನೆಯಿಂದಲ್ಲ, ಮರದಿಂದ ಶುರುವಾದದ್ದು.

ವೀಕ್ಸ್‌ವಿಲ್ ಇದ್ದ ಕಡೆಯನ್ನೂ ಸೇರಿಸಿ ಆ ದೊಡ್ಡ ಬಡಾವಣೆಗೆ ಜನ ಬೆಡ್‌ಫರ್ಡ್-ಸ್ಟೈವಸಂಟ್ ಅನ್ನುತ್ತಿದ್ದರು, ಬಾಯಿಮಾತಿನಲ್ಲಿ ‘ಬೆಡ್-ಸ್ಟೈ’. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ದಕ್ಷಿಣದ ಹಳ್ಳಿಗಳಿಂದ ಸುಮಾರು 60 ಲಕ್ಷ ಕಪ್ಪು ಜನ ಗುಳೆ ಎದ್ದು ಉತ್ತರದ, ಪಶ್ಚಿಮದ ನಗರಗಳಿಗೆ ಹೋದರು. ಬೆಡ್-ಸ್ಟೈಗೆ ಬಂದವರು ಅವರಲ್ಲಿ ಬಹಳ ಜನ. 1938ರಲ್ಲಿ ಸರ್ಕಾರದ ಸಾಲ ಸಂಸ್ಥೆಯೊಂದು ಬ್ರೂಕ್ಲಿನ್ನಿನ ನಕಾಶೆ ಮಾಡಿತು. ಸಾಲ ಕೊಡಲು ಒಳ್ಳೆಯ ಜಾಗಕ್ಕೆ ಹಸಿರು, ಅಪಾಯದ ಜಾಗಕ್ಕೆ ಕೆಂಪು. ಬೆಡ್-ಸ್ಟೈಗೆ ಕೆಂಪು ಬಿತ್ತು. ಕಾರಣಗಳಲ್ಲಿ ಒಂದು, ಅಲ್ಲಿ ಕಪ್ಪು ಜನ ಇರುವುದು! ಸಾಲ ಇಲ್ಲದಿದ್ದರೆ ದುರಸ್ತಿ ಇಲ್ಲ, ದುರಸ್ತಿ ಇಲ್ಲದಿದ್ದರೆ ಬಾಡಿಗೆ ಇಲ್ಲ. ಮಾಲೀಕರು ಮನೆಗಳನ್ನು ಬಿಟ್ಟುಹೋದರು. ಕೆಲವು ಸುಟ್ಟವು, ಕೆಲವನ್ನು ನಗರಸಭೆ ಕೆಡವಿತು. ಬೀದಿಯ ನಡುನಡುವೆ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಜಾಗಗಳು ಉಳಿದವು.

ಅಲ್ಲಿ ಹ್ಯಾಟಿ ಕಾರ್ಥನ್ ಎಂಬ ಹೆಂಗಸು ಇದ್ದಳು. 1900ರಲ್ಲಿ ದಕ್ಷಿಣದ ವರ್ಜೀನಿಯಾದಲ್ಲಿ ಹುಟ್ಟಿದವಳು. ಅವಳು ಬಂದಾಗ ವರ್ನನ್ ಅವೆನ್ಯೂ ಎಂಬ ಅವಳ ಬೀದಿಯ ಎರಡೂ ಬದಿಗೆ ಮರ ಇದ್ದವು. 1964ರ ಹೊತ್ತಿಗೆ ಬೆರಳೆಣಿಕೆಯಷ್ಟು ಉಳಿದಿದ್ದವು. ಆಗ ಅವಳ ವಯಸ್ಸು 64. ಅಕ್ಕಪಕ್ಕದವರಿಗೆ ಕಾರ್ಡು ಬರೆದು ಕರೆದಳು, ಬಂದವರು ಕೆಲವೇ ಜನ. ಅಷ್ಟೇ ಜನ ಸೇರಿ ಬೀದಿಯ ಸಂಘ ಮಾಡಿದರು. ಮಾಂಸ ಸುಟ್ಟು ಊಟ ಹಾಕಿ, ಅದರಿಂದ ಬಂದ ದುಡ್ಡಿನಲ್ಲಿ ಸಸಿ ಕೊಂಡರು. ಊಟಕ್ಕೆ ನಗರದ ಮೇಯರ್ ಜಾನ್ ಲಿಂಡ್ಸೆಗೂ ಕರೆ ಹೋಯಿತು, ಆತ ಬಂದೇಬಿಟ್ಟ. ಆಮೇಲೆ ನಗರಸಭೆಯೂ ಕೈಜೋಡಿಸಿತು, ಜನ ಇಷ್ಟು ಸಸಿ ಹಾಕಿದರೆ ನಾವೂ ಇಷ್ಟು ಕೊಡುತ್ತೇವೆ ಎಂಬ ಲೆಕ್ಕದಲ್ಲಿ. ಹೀಗೆ ಬೆಡ್-ಸ್ಟೈನಲ್ಲಿ ನೆಟ್ಟ ಮರಗಳು 1,500ಕ್ಕೂ ಹೆಚ್ಚು. ನೀರು ಹಾಕಲು, ಬುಡ ಕೆದಕಲು, ಔಷಧಿ ಹೊಡೆಯಲು ಬೀದಿಯ ಮಕ್ಕಳದೇ ಒಂದು ಪಡೆ ಕಟ್ಟಿದಳು. ಆ ಮಕ್ಕಳಿಗೆ ಕೈಖರ್ಚಿಗೆ ಕಾಸೂ ಕೊಡಿಸುತ್ತಿದ್ದಳು. ಪುಕ್ಕಟೆ ದುಡಿಸಲಿಲ್ಲ ಎಂಬುದನ್ನು ಗಮನಿಸಿ. ನಮ್ಮಲ್ಲಿ ವನಮಹೋತ್ಸವಕ್ಕೆ ಶಾಲೆ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ ಫೋಟೋ ತೆಗೆಸುವವರು, ಮುಂದಿನ ವರ್ಷ ಅದೇ ಗುಂಡಿಗೆ ಮತ್ತೆ ಸಸಿ ಇಡುವವರು, ಈ ಒಂದು ವಿಷಯವನ್ನಾದರೂ ಕಲಿಯಬಹುದು.

ಈಗ ಆ ಮರದ ವಿಷಯ. ಲಫಾಯೆಟ್ ಅವೆನ್ಯೂ ಎಂಬ ಬೀದಿಯ 677ನೇ ನಂಬರ್ ಮನೆಯ ಮುಂದೆ ಒಂದು ದೊಡ್ಡ ಮ್ಯಾಗ್ನೋಲಿಯಾ ಮರ ಇತ್ತು. ಮ್ಯಾಗ್ನೋಲಿಯಾ ಅಂದರೆ ತಲೆಕೆಡಿಸಿಕೊಳ್ಳಬೇಡಿ, ನಮ್ಮ ಸಂಪಿಗೆಯೂ ಅದೇ ಕುಲದ್ದು. ಅಗಲ ಎಲೆ, ತಟ್ಟೆಯಷ್ಟು ದೊಡ್ಡ ಬಿಳಿ ಹೂವು, ಸಂಪಿಗೆಯ ಹಾಗೇ ಘಮ. ಇದು ಸೆಖೆಯ ನಾಡಿನ ಮರ. 1885ರ ಸುಮಾರಿಗೆ ಯಾರೋ ಒಬ್ಬರು ದಕ್ಷಿಣದ ನಾರ್ತ್ ಕ್ಯಾರೊಲಿನಾದಿಂದ ಸಸಿ ತಂದು ನೆಟ್ಟಿದ್ದರು. ಹಿಮ ಬೀಳುವ ನ್ಯೂಯಾರ್ಕಿನಲ್ಲಿ ಆ ಜಾತಿ ಬದುಕುವುದೇ ಅಪರೂಪ. ಇದು ಬದುಕಿದ್ದು ಹೇಗೆ? ಹಿಂದಿನ ಕಲ್ಲುಮನೆಗಳ ಗೋಡೆ ತಣ್ಣನೆಯ ಗಾಳಿಯನ್ನು ತಡೆದು, ಹಗಲಿನ ಬಿಸಿಯನ್ನು ಮರಕ್ಕೆ ಕೊಡುತ್ತಿತ್ತು.

ಅಲ್ಲಿಗೆ ದಕ್ಷಿಣದ ಹಳ್ಳಿಗಳಿಂದ ಬಂದವರಿಗೂ ಈ ಮರಕ್ಕೂ ಏನು ನಂಟು ಅಂತ ನೀವೇ ಊಹಿಸಿ. ಎರಡೂ ಬೇರೆ ಮಣ್ಣಿನವು, ಎರಡೂ ಒಂದು ಗೋಡೆಯ ಆಸರೆಯಲ್ಲಿ ಚಳಿಗಾಲ ಕಳೆಯುತ್ತಿದ್ದವು.

ಆ ಸಾಲಿನ ಮನೆಗಳನ್ನು ಕೆಡವುವ ಯೋಜನೆ ಬಂತು. ಮರ ಕಡಿಯಬೇಡಿ ಎಂದರೆ ಕಡಿಯುವುದಿಲ್ಲ ಎನ್ನಬಹುದಿತ್ತು, ಆದರೆ ಗೋಡೆ ಹೋದರೆ ಮರ ತಾನಾಗಿ ಸಾಯುತ್ತದೆ. ಕಾರ್ಥನ್ ಅದನ್ನು ಸರಿಯಾಗಿ ಹಿಡಿದಳು. ಮರದ ಜೊತೆಗೆ ಅದರ ಹಿಂದಿನ ಮನೆಗಳೂ ಉಳಿಯಬೇಕು ಎಂದು ಪಟ್ಟು ಹಿಡಿದಳು. ಗಾಳಿತಡೆಯ ಗೋಡೆಗೆ ಚಂದಾ ಎತ್ತಿದರು, ಮಕ್ಕಳೂ ಓಡಾಡಿದರು. 1970ರ ಫೆಬ್ರವರಿಯಲ್ಲಿ ನಗರ ಆ ಮರವನ್ನು ಪಾರಂಪರಿಕ ಸ್ಮಾರಕ ಎಂದು ಸಾರಿತು. ನ್ಯೂಯಾರ್ಕಿನಲ್ಲಿ ಆ ಪಟ್ಟ ಪಡೆದ ಮರಗಳು ಎರಡೇ. ಇನ್ನೊಂದು 1990ರ ದಶಕದಲ್ಲಿ ಸತ್ತುಹೋಯಿತು. ಕಾರ್ಥನ್ ಮತ್ತು ಜೊತೆಗಾರರು 1972ರಲ್ಲಿ ಮರದ ಹಿಂದಿನ ಮನೆಗಳಲ್ಲಿ ಪರಿಸರ ಕಲಿಸುವ ಕೇಂದ್ರವನ್ನೇ ಶುರು ಮಾಡಿದರು.

ಒಂದೇ ವರ್ಷ, ಒಂದೇ ಬಡಾವಣೆ. ಫೆಬ್ರವರಿಯಲ್ಲಿ ಮರ, ಆಗಸ್ಟಿನಲ್ಲಿ ಓರೆ ಮನೆಗಳು. ಎರಡರ ಹಿಂದೆಯೂ ದೊಡ್ಡ ಹೆಸರಿನವರು ಯಾರೂ ಇರಲಿಲ್ಲ.

ಮರದ ನಂತರ ತೋಟ. ಕಾರ್ಥನ್ ಮತ್ತು ಇನ್ನೂ ಬಹಳ ಜನ ಆ ಖಾಲಿ ಜಾಗಗಳಿಗೆ ಇಳಿದರು. ಇಟ್ಟಿಗೆ ಚೂರು, ಗಾಜು, ಹಳೇ ಟೈರು, ಸತ್ತ ಇಲಿ. ಹಳೇ ಪೇಂಟಿನ ಸೀಸ ಮಣ್ಣಿಗೆ ಇಳಿದಿದ್ದರಿಂದ ನೇರ ನೆಲದಲ್ಲಿ ತರಕಾರಿ ಬೆಳೆಯುವ ಹಾಗಿರಲಿಲ್ಲ. ಹಲಗೆ ಹೊಡೆದು ಎತ್ತರದ ಮಡಿ ಮಾಡಿ, ಹೊರಗಿನಿಂದ ಮಣ್ಣು ತುಂಬಿಸಬೇಕಾಗಿತ್ತು. ನೀರಿಗೆ ಬೋರು ಇಲ್ಲ, ಬಾವಿ ಇಲ್ಲ. ಅಗ್ನಿಶಾಮಕದವರು ನೀರು ಹಿಡಿಯುವ ಬೀದಿ ನಲ್ಲಿಗೆ ಅನುಮತಿ ಪಡೆದು ಪೈಪು ಹಾಕಿಕೊಳ್ಳಬೇಕು. 1978ರಲ್ಲಿ ನಗರಸಭೆ ‘ಗ್ರೀನ್‌ಥಂಬ್’ ಎಂಬ ಯೋಜನೆ ಮಾಡಿ ಇಂಥ ಜಾಗಗಳನ್ನು ವರ್ಷಕ್ಕೆ ಒಂದು ಡಾಲರ್ ಗುತ್ತಿಗೆಗೆ ಕೊಡತೊಡಗಿತು.

ಅಲ್ಲಿ ಬೆಳೆದದ್ದೇನು ಅಂತ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಬೆಂಡೆಕಾಯಿ. ಅಲಸಂದೆ. ದಂಟಿನ ಸೊಪ್ಪು. ಬೆಂಡೆಗೆ ಇಂಗ್ಲಿಷಿನವರು ಹೇಳುವ ‘ಓಕ್ರಾ’ ಎಂಬ ಹೆಸರು ಪಶ್ಚಿಮ ಆಫ್ರಿಕಾದ್ದು. ಹಡಗಿನಲ್ಲಿ ಸರಪಳಿ ಹಾಕಿ ತಂದ ಜನರ ಜೊತೆಗೆ ಆ ಬೆಳೆಯೂ ಅಮೆರಿಕಕ್ಕೆ ಹೋಯಿತು, ಅಲಸಂದೆಯೂ ಹೋಯಿತು. ಗುಲಾಮರ ಗುಡಿಸಿಲ ಹಿಂದೆ ಅಂಗೈಯಗಲ ಜಾಗದಲ್ಲಿ, ಒಡೆಯನ ಹೊಲದ ಕೆಲಸ ಮುಗಿದ ಮೇಲೆ, ಅವರು ತಮಗೆ ಅಂತ ಬೆಳೆದುಕೊಂಡದ್ದು ಇವನ್ನೇ. ಇವತ್ತಿಗೂ ದಕ್ಷಿಣದ ಮನೆಗಳಲ್ಲಿ ಜನವರಿ 1ಕ್ಕೆ ಅಲಸಂದೆ ಮತ್ತು ಸೊಪ್ಪು ಬೇಯಿಸುತ್ತಾರೆ, ವರ್ಷ ಒಳ್ಳೆಯದಾಗಲಿ ಎಂದು. ದಂಟಿನ ಸೊಪ್ಪನ್ನು ತಂದವರು ಜಮೈಕಾ ಕಡೆಯ ದ್ವೀಪದವರು, ಅವರ ಬಾಯಲ್ಲಿ ಅದು ‘ಕಲಲೂ’.

ನಮಗೂ ಈ ಸಾಲಿನಲ್ಲಿ ಒಂದು ಜಾಗ ಇದೆ. ನಾವು ನಮ್ಮದೇ ಅಂದುಕೊಂಡಿರುವ ರಾಗಿ, ಬಿಳಿಜೋಳ, ಅಲಸಂದೆ ಮೂರೂ ಆಫ್ರಿಕಾದಲ್ಲಿ ಮೊದಲು ಬೇಸಾಯಕ್ಕೆ ಬಂದು, ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ನಮ್ಮ ಹೊಲಕ್ಕೆ ಇಳಿದವು. ಬ್ರೂಕ್ಲಿನ್ನಿನ ಮುದುಕಿಯೊಬ್ಬಳ ಮಡಿಯಲ್ಲಿ ನಿಂತ ಅಲಸಂದೆಗೂ ನಮ್ಮ ಹೊಲದ ಅಕ್ಕಡಿ ಸಾಲಿನ ಅಲಸಂದೆಗೂ ಹುಟ್ಟೂರು ಒಂದೇ.

ಅದಕ್ಕೇ ಆ ತೋಟಗಳನ್ನು ಬರೀ ತರಕಾರಿ ಜಾಗ ಅನ್ನಲು ಬರುವುದಿಲ್ಲ. ಹಳ್ಳಿಯಿಂದ ಬಂದ ಅಜ್ಜಿಗೆ ನಗರದ ಮೂರನೇ ಮಹಡಿಯಲ್ಲಿ ಮೊಮ್ಮಕ್ಕಳಿಗೆ ಹೇಳಿಕೊಡಲು ಏನಿತ್ತು? ತೋಟದಲ್ಲಿ ಇತ್ತು. ಯಾವ ತಿಂಗಳು ಬೀಜ ಹಾಕಬೇಕು, ಬೆಂಡೆಯನ್ನು ಯಾವಾಗ ಕೀಳಬೇಕು, ಹೊಟ್ಟೆನೋವಿಗೆ ಯಾವ ಎಲೆ. ಸಂಜೆ ಅಲ್ಲೇ ಹಾಡು, ಅಲ್ಲೇ ಒಲೆ, ಅಲ್ಲೇ ಮದುವೆ ಮಾತುಕತೆ. ಕಾರ್ಥನ್ 1984ರಲ್ಲಿ ತೀರಿಕೊಂಡಳು. ಮಾರ್ಸಿ ಅವೆನ್ಯೂ ಪಕ್ಕದ ಒಂದು ತೋಟಕ್ಕೆ ಮರುವರ್ಷ ಅವಳ ಹೆಸರಿಟ್ಟರು. ಈಗ ಅಲ್ಲಿ ಕೋಳಿ ಸಾಕುತ್ತಾರೆ, ಸಂತೆ ಮಾಡುತ್ತಾರೆ.

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತು ಅಂದುಕೊಂಡರೆ, ಇಲ್ಲ. ಒಂದು ಡಾಲರ್ ಗುತ್ತಿಗೆ ಅಂದೆನಲ್ಲ, ಗುತ್ತಿಗೆ ಅಂದರೆ ಗುತ್ತಿಗೆಯೇ. ಪಹಣಿ ನಗರಸಭೆಯ ಹೆಸರಲ್ಲಿತ್ತು. ಜಾಗಕ್ಕೆ ಬೆಲೆ ಬರುವವರೆಗೆ ಯಾರೂ ಕೇಳಲಿಲ್ಲ. 1999ರಲ್ಲಿ ಮೇಯರ್ ರೂಡಿ ಜೂಲಿಯಾನಿ ನಗರದ 114 ತೋಟಗಳನ್ನು ಹರಾಜಿಗಿಟ್ಟರು. ಇಪ್ಪತ್ತು ವರ್ಷ ಕಸ ಎತ್ತಿ ಮಣ್ಣು ಹೊತ್ತವರಿಗೆ ಅದು ಖಾಲಿ ನಿವೇಶನ ಎಂಬ ಉತ್ತರ ಬಂತು. ಜನ ಬೀದಿಗಿಳಿದರು, ಸೂರ್ಯಕಾಂತಿ ಹೂವಿನ ವೇಷ ಹಾಕಿ ಮರ ಹತ್ತಿ ಕೂತವರೂ ಇದ್ದರು. ಕೊನೆಗೆ ಹರಾಜಿನ ಹಿಂದಿನ ದಿನ ಎರಡು ಸಂಸ್ಥೆಗಳು, ಅದರಲ್ಲಿ ಒಂದು ನಟಿ ಬೆಟ್ ಮಿಡ್ಲರ್ ಕಟ್ಟಿದ್ದು, 40 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಆ ತೋಟಗಳನ್ನು ಕೊಂಡವು. 2002ರಲ್ಲಿ ಮುಂದಿನ ಮೇಯರ್ ಕಾಲದ ಒಪ್ಪಂದದಲ್ಲಿ ಇನ್ನೂ ನೂರಾರು ತೋಟ ಉಳಿದವು, ಕೆಲವು ಹೋದವು.

ಇದನ್ನು ಓದುವಾಗ ನನಗೆ ನಮ್ಮ ತಾಲೂಕಿನ ಒಂದು ಗುಂಡುತೋಪು ನೆನಪಾಯಿತು. ಹತ್ತಾರು ಹಳೇ ಹುಣಸೆ, ಮಾವು ಇದ್ದ ಊರೊಟ್ಟಿನ ಜಾಗ. ದನ ನಿಲ್ಲುತ್ತಿದ್ದವು, ಜಾತ್ರೆಯ ಅಡುಗೆ ಅಲ್ಲೇ ನಡೆಯುತ್ತಿತ್ತು. ಒಂದು ದಿನ ಕಲ್ಲುಕಂಬ ಬಿತ್ತು. ಊರವರು ದಾಖಲೆ ಕೇಳಿದರೆ ಕಾಗದದಲ್ಲಿ ಅದು ಬೇರೆ ಏನೋ ಆಗಿತ್ತು. ನಾನು ಕಳಿಸಿದ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದೂ ಊರಿನ ಹೆಸರು ತಪ್ಪಾಗಿ. ಇರಲಿ, ಮುಂದೆ ಹೋಗೋಣ.

ತೋಟ ಉಳಿಯಿತು, ತೋಟ ಮಾಡಿದವರು ಉಳಿದರೇ? ಇದು ಇನ್ನೂ ಕಷ್ಟದ ಪ್ರಶ್ನೆ. ತೋಟ ಇರುವ ಬೀದಿಯಲ್ಲಿ ಮನೆಯ ಬೆಲೆ ಏರುತ್ತದೆ ಎಂದು ನ್ಯೂಯಾರ್ಕಿನಲ್ಲೇ ಅಧ್ಯಯನಗಳಾಗಿವೆ, ಬಡ ಬಡಾವಣೆಗಳಲ್ಲೇ ಅದು ಹೆಚ್ಚು ಏರುವುದಂತೆ. ಅಂದರೆ ಬೀದಿ ಚೆಂದ ಮಾಡಿದ ಬಾಡಿಗೆದಾರನಿಗೆ ಆ ಚೆಂದವೇ ಮುಳುವು. ಒಂದು ಕಾಲಕ್ಕೆ ಕೆಂಪು ಬಳಿದು ದೂರ ಇಟ್ಟಿದ್ದ ಬೆಡ್-ಸ್ಟೈನಲ್ಲಿ ಈಗ ಕಲ್ಲುಮನೆ ಕೊಳ್ಳಲು ಹಣವಂತರು ಸಾಲು ನಿಂತಿದ್ದಾರೆ. 2010ರಿಂದ 2020ರ ನಡುವೆ ಅಲ್ಲಿ ಕಪ್ಪು ಜನರ ಸಂಖ್ಯೆ 22,000ಕ್ಕೂ ಹೆಚ್ಚು ಇಳಿಯಿತು, ಬಿಳಿಯರ ಸಂಖ್ಯೆ 30,000ಕ್ಕೂ ಹೆಚ್ಚು ಏರಿತು ಎಂದು ಜನಗಣತಿ ಹೇಳುತ್ತದೆ. ಹೋದವರಲ್ಲಿ ಬಹಳ ಜನ ಬಾಡಿಗೆ ಕಟ್ಟಲಾಗದವರು. ಸ್ವಂತ ಮನೆ ಇದ್ದು ಒಳ್ಳೆ ಬೆಲೆಗೆ ಮಾರಿ ದಕ್ಷಿಣಕ್ಕೆ ವಾಪಸು ಹೋದವರೂ ಇದ್ದಾರೆ. ಅವರನ್ನು ತಪ್ಪು ಅನ್ನಲಾರೆ. ನಾವಾದರೂ ಅಷ್ಟು ದುಡ್ಡು ಬಂದರೆ ಏನು ಮಾಡುತ್ತೇವೋ!

ವೀಕ್ಸ್‌ವಿಲ್‌ಗೂ ಕಷ್ಟ ತಪ್ಪಲಿಲ್ಲ. ಓರೆ ಮನೆಗಳ ಪಕ್ಕದಲ್ಲಿ ದೊಡ್ಡ ಹೊಸ ಕಟ್ಟಡ ಎದ್ದಿತು. ಹಳೇ ಹಂಟರ್‌ಫ್ಲೈ ರಸ್ತೆ ಹೋಗುತ್ತಿದ್ದ ಓರೆ ಗೆರೆಯನ್ನು ಅಂಗಳದಲ್ಲಿ ಮತ್ತೆ ಕಾಲುದಾರಿಯಾಗಿ ತೋರಿಸಿದರು, ಸುತ್ತ ಹುಲ್ಲು, ಹೂವು, ತರಕಾರಿ ಮಡಿ. ಬೇಸಿಗೆಯಲ್ಲಿ ಅಲ್ಲಿ ಪುಕ್ಕಟೆ ಹಾಡು ಕಛೇರಿ ನಡೆಯುತ್ತದೆ, ಸುತ್ತಲಿನ ಹಿರಿಯರು ಹೇಳಿದ್ದನ್ನು ರೆಕಾರ್ಡ್ ಮಾಡಿ ಇಡುತ್ತಾರೆ. ಆದರೆ ಕಟ್ಟಡ ಕಟ್ಟುವುದು ಒಂದು ಖರ್ಚು, ನಡೆಸುವುದು ಇನ್ನೊಂದು ಖರ್ಚು. 2019ರ ಮೇ ತಿಂಗಳಲ್ಲಿ ಬೀಗ ಹಾಕುವ ಸ್ಥಿತಿ ಬಂತು. 2 ಲಕ್ಷ ಡಾಲರ್ ಬೇಕು ಎಂದು ಜನರ ಮುಂದೆ ಕೈಚಾಚಿದರು. ಸಾವಿರಾರು ಜನ ಸಣ್ಣ ಸಣ್ಣ ಮೊತ್ತ ಹಾಕಿ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರು. ಅದೇ ವರ್ಷ ನಗರಸಭೆ ತಾನು ಪ್ರತಿವರ್ಷ ಅನುದಾನ ಕೊಡುವ ದೊಡ್ಡ ಸಂಸ್ಥೆಗಳ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. ಆ ಪಟ್ಟಿಗೆ ಹೊಸ ಹೆಸರು ಸೇರಿ ಇಪ್ಪತ್ತು ವರ್ಷವಾಗಿತ್ತು.

1999ರಲ್ಲಿ ಕೊಂಡ ತೋಟಗಳು ಮುಂದೆ ಯಾರ ಕೈಗೆ ಹೋದವು ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. ಕೊಂಡ ಸಂಸ್ಥೆಗಳಲ್ಲಿ ಒಂದು, ಇದನ್ನು ನಾವೇ ಇಟ್ಟುಕೊಳ್ಳುವುದಿಲ್ಲ, ತೋಟ ಮಾಡುವವರೇ ಸಂಘ ಕಟ್ಟಿಕೊಳ್ಳಿ, ಅದಕ್ಕೆ ಬಿಟ್ಟುಕೊಡುತ್ತೇವೆ ಎಂದಿತು. 2004ರಲ್ಲಿ ‘ಬ್ರೂಕ್ಲಿನ್ ಕ್ವೀನ್ಸ್ ಲ್ಯಾಂಡ್ ಟ್ರಸ್ಟ್’ ನೋಂದಣಿಯಾಯಿತು. ಮೂವತ್ತಕ್ಕೂ ಹೆಚ್ಚು ತೋಟಗಳ ಒಡೆತನ ಈಗ ಅದರ ಹೆಸರಲ್ಲಿದೆ, ಮಾರಾಟಕ್ಕಲ್ಲ. ಅದರ ಆಡಳಿತ ಮಂಡಳಿಯಲ್ಲಿ ಕೂರುವವರು ತೋಟದಲ್ಲಿ ಕೈ ಮಣ್ಣು ಮಾಡಿಕೊಂಡವರೇ. ಹ್ಯಾಟಿ ಕಾರ್ಥನ್ ಉಳಿಸಿದ ಮರ ಇನ್ನೂ ಆ ಗೋಡೆಗೆ ಒರಗಿ ನಿಂತಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಹೂ ಬಿಡುತ್ತದೆ.